ಒಂದೇ ‘ಕರೆಂಟು’, ನಾಲ್ಕು ಅರ್ಥ

ನಮ್ಮ ಮನೆಮಾತಿನಲ್ಲಿ ಅತ್ಯಂತ ಹೆಚ್ಚಾಗಿ ದುಡಿಯುತ್ತಿರುವ ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ, ‘ಕರೆಂಟು’ ಎಂಬ ಪದಕ್ಕೆ ಅದರ ಮೊದಲ ಸಾಲಿನಲ್ಲಿಯೇ ಸ್ಥಾನ ದೊರೆಯುವುದರಲ್ಲಿ ಸಂದೇಹವಿಲ್ಲ. ಸಂಜೆ ದೀಪಗಳೆಲ್ಲ ಒಮ್ಮೆಲೇ ಆರಿದೊಡನೆ ‘ಕರೆಂಟು ಹೋಯಿತು’ ಎನ್ನುತ್ತೇವೆ. ಬಚ್ಚಲುಮನೆಯ ಗೀಸರನ್ನು ತೋರಿಸಿ ‘ಇದು ಬಹಳ ಕರೆಂಟು ಎಳೆಯುತ್ತದೆ’ ಎಂದು ದೂರುತ್ತೇವೆ. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಿದ ಹುಡುಗನಿಗೆ ‘ಕರೆಂಟು ಹೊಡೆಯಿತು’ ಎಂದು ಗಾಬರಿಗೊಳ್ಳುತ್ತೇವೆ. ತಿಂಗಳು ತುಂಬಿದ ಮೇಲೆ ‘ಕರೆಂಟು ಬಿಲ್ಲು’ ಬಂದಾಗ ಎಲ್ಲಕ್ಕಿಂತಲೂ ಹೆಚ್ಚು ಗಾಬರಿಗೊಳ್ಳುತ್ತೇವೆ.

ಪದ ಒಂದೇ, ಆದರೆ ಅದು ಹೇಳುವ ವಸ್ತುಗಳು ನಾಲ್ಕು. ದೀಪವಾರಿದಾಗ ಮನೆಯಿಂದ ಹೊರಟುಹೋದದ್ದು ವಿದ್ಯುತ್ತಿನ ಒತ್ತಡ. ಗೀಸರು ಎಳೆಯುವುದು ವಿದ್ಯುತ್ತಿನ ಪ್ರವಾಹ. ಹುಡುಗನಿಗೆ ತಗುಲಿದ ಹೊಡೆತ ಬರಿಯ ಜುಮ್ಮೆನ್ನುವಷ್ಟೇ ಆಗಿತ್ತೆ, ಪ್ರಾಣಾಂತಿಕವಾಗುವಷ್ಟು ಇತ್ತೆ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅವನ ದೇಹದ ರೋಧ. ಬಿಲ್ಲಿನಲ್ಲಿ ನಾವು ಹಣ ತೆರುವುದು ಉಪಕರಣಗಳ ಸಾಮರ್ಥ್ಯಕ್ಕೆ, ಅವು ಉರಿದ ಹೊತ್ತಿನ ಲೆಕ್ಕದಲ್ಲಿ. ಒಂದು ಮಾತಿನೊಳಗೆ ಹಲವು ಅರ್ಥಗಳನ್ನು ಅಡಗಿಸುವುದು ನಮ್ಮ ಹಳಗನ್ನಡದ ಕವಿಗಳಿಗೆ ಬಹಳ ಪ್ರಿಯವಾದ ಅಲಂಕಾರ. ಅದನ್ನು ಶ್ಲೇಷವೆಂದು ಕರೆಯುತ್ತಾರೆ. ಕಾವ್ಯದಲ್ಲಿ ಅದು ಚಮತ್ಕಾರವೆನಿಸುತ್ತದೆ. ಸ್ವಿಚ್ಚಿನ ಹಲಗೆಯ ಹಿಂದೆ ಅದೇ ಶ್ಲೇಷ ಮನೆಯನ್ನು ಸುಡಬಲ್ಲದು. ಆದುದರಿಂದ ಈ ವಾರ ಆ ನಾಲ್ಕು ಅರ್ಥಗಳನ್ನು ಬಿಡಿಸಿ ನೋಡೋಣ. ಅದಕ್ಕೆ ಬೇಕಾದ ಗಣಿತ ಒಂದು ಭಾಗಾಕಾರ ಮತ್ತು ಒಂದು ಗುಣಾಕಾರ, ಅಷ್ಟೇ.

ಕಣ್ಣಿಗೆ ಕಾಣದ ವಿದ್ಯುತ್ತನ್ನು ಅರಿಯಲು ಕಣ್ಣಿಗೆ ಕಾಣುವ ನೀರನ್ನು ನೆನೆಯುವುದು ಹಿಂದಿನಿಂದಲೂ ಬಂದ ಪದ್ಧತಿ. ಮಾಳಿಗೆಯ ಮೇಲಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೆಳಗಿನ ನಲ್ಲಿಯಲ್ಲಿ ನೀರಿನ ರಭಸ ಹೆಚ್ಚು. ಈ ಎತ್ತರಕ್ಕೆ ಸಮನಾದದ್ದು ವಿದ್ಯುತ್ ಒತ್ತಡ. ಅದನ್ನು ವೋಲ್ಟ್‌ಗಳಲ್ಲಿ ಅಳೆಯುತ್ತಾರೆ. ನಮ್ಮ ಮನೆಗಳಿಗೆ ಬರುವ ಒತ್ತಡ ಸುಮಾರು 230 ವೋಲ್ಟ್. ನಲ್ಲಿಯಿಂದ ನಿಮಿಷಕ್ಕೆ ಎಷ್ಟು ನೀರು ಹರಿಯಿತು ಎಂಬುದಕ್ಕೆ ಸಮನಾದದ್ದು ವಿದ್ಯುತ್ ಪ್ರವಾಹ. ಅದರ ಅಳತೆ ಆಂಪಿಯರ್. ಕೊಳವೆ ಸಪೂರವಾಗಿದ್ದರೆ, ಉದ್ದವಾಗಿದ್ದರೆ, ಒಳಗೆ ತುಕ್ಕು ಕಟ್ಟಿದ್ದರೆ ನೀರು ತಡೆತಡೆದು ಬರುತ್ತದೆ. ಆ ತಡೆಗೆ ಸಮನಾದದ್ದು ರೋಧ. ಅದರ ಅಳತೆ ಓಮ್.

ನಾಲ್ಕನೆಯದಾದ ಸಾಮರ್ಥ್ಯವನ್ನು ಅರಿಯಬೇಕಾದರೆ ಜೋಗಕ್ಕೆ ಹೋಗಬೇಕು. ಆ ಜಲಪಾತದ ಎತ್ತರ ಸುಮಾರು 253 ಮೀಟರ್. ಶ್ರಾವಣದಲ್ಲಿಯೂ ಅಷ್ಟೇ ಎತ್ತರ, ವೈಶಾಖದಲ್ಲಿಯೂ ಅಷ್ಟೇ ಎತ್ತರ. ಆದರೆ ಶ್ರಾವಣದಲ್ಲಿ ಕಿವಿ ಕಿವುಡಾಗುವಂತೆ ಭೋರ್ಗರೆಯುವ ಶರಾವತಿ, ವೈಶಾಖದಲ್ಲಿ ಬಂಡೆಯ ಮೇಲೆ ಬೆಳ್ಳಿಯ ಎಳೆಯಂತೆ ಜಿನುಗುತ್ತಾಳೆ. ಎತ್ತರವಿದ್ದು ನೀರಿಲ್ಲದಿದ್ದರೆ ಬಲವಿಲ್ಲ. ಬಯಲುಸೀಮೆಯ ದೊಡ್ಡ ಹೊಳೆಯಲ್ಲಿ ನೀರು ಬೇಕಾದಷ್ಟಿದ್ದರೂ ಬೀಳುವ ಎತ್ತರವಿಲ್ಲದಿದ್ದರೆ ಆಗಲೂ ಬಲವಿಲ್ಲ. ಎತ್ತರ ಮತ್ತು ಹರಿವು, ಇವೆರಡರ ಗುಣಲಬ್ಧವೇ ಬಲಕ್ಕೆ ಅಳತೆ. ವಿದ್ಯುತ್ತಿನಲ್ಲಿಯೂ ಹಾಗೆಯೇ: ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಅದರ ಅಳತೆ ವ್ಯಾಟ್.

ಈಗ ಲೆಕ್ಕಕ್ಕೆ ಬರೋಣ. ಇಸ್ತ್ರಿಪೆಟ್ಟಿಗೆಯೊಂದು ಕಾಯುತ್ತಿದೆ ಎಂದಿಟ್ಟುಕೊಳ್ಳಿ. ವಿದ್ಯುತ್ ಕೆಲಸದವನು ತನ್ನ ಮಾಪಕಗಳಿಂದ ಅಳೆದು, ‘ಒತ್ತಡ 225 ವೋಲ್ಟ್ ಇದೆ, ಪ್ರವಾಹ 4.5 ಆಂಪಿಯರ್ ಇದೆ’ ಎಂದು ಹೇಳುತ್ತಾನೆ. ಇವೆರಡು ಅಂಕಿಗಳು ಕೈಗೆ ಬಂದರೆ ಉಳಿದೆರಡು ತಾವಾಗಿಯೇ ಬರುತ್ತವೆ. 225ನ್ನು 4.5ರಿಂದ ಭಾಗಿಸಿ, 50 ಬಂದಿತು. ಇಸ್ತ್ರಿಪೆಟ್ಟಿಗೆಯೊಳಗಿನ ಕಾಯುವ ತಂತಿಯ ರೋಧ 50 ಓಮ್. ಅವೇ ಎರಡನ್ನು ಗುಣಿಸಿ. 1012 ಮತ್ತು ಅರ್ಧ ಬಂದಿತು. ಅದರ ಸಾಮರ್ಥ್ಯ ಸುಮಾರು 1012 ವ್ಯಾಟ್. ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕಾಗಿಲ್ಲ, ತಂತಿಯನ್ನು ಮುಟ್ಟಬೇಕಾಗಿಲ್ಲ. ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ: ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಮಾಪಕಗಳು ಇಲ್ಲದವರೂ ನಿರಾಶರಾಗಬೇಕಾಗಿಲ್ಲ. ಪ್ರತಿಯೊಂದು ಉಪಕರಣದ ತಳದಲ್ಲಿಯೋ ಬೆನ್ನಿನಲ್ಲಿಯೋ ಒಂದು ಪುಟ್ಟ ಫಲಕವಿರುತ್ತದೆ. ಕೊಂಡ ದಿನದಿಂದ ಅದನ್ನು ಓದಿದವರು ವಿರಳ. ಗೀಸರಿನ ಮೇಲೆ ‘230 ವೋಲ್ಟ್, 2000 ವ್ಯಾಟ್’ ಎಂದು ಅಚ್ಚಾಗಿದ್ದರೆ ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು. 2000ವನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 8.7 ಆಂಪಿಯರ್. 230ನ್ನು ಮತ್ತೆ ಈ 8.7ರಿಂದ ಭಾಗಿಸಿದರೆ ರೋಧ ಸುಮಾರು 26.4 ಓಮ್. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಗೀಸರು ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚು ಬಲಶಾಲಿ. ಆದರೆ ಅದರ ರೋಧ ಕಡಿಮೆ. ಒತ್ತಡ ಒಂದೇ ಆಗಿರುವಾಗ, ತಡೆ ಕಡಿಮೆಯಾದಷ್ಟೂ ಹರಿವು ಹೆಚ್ಚಿ, ಅದರೊಡನೆ ಸಾಮರ್ಥ್ಯವೂ ಹೆಚ್ಚುತ್ತದೆ.

ಇಷ್ಟು ಸರಳವಾಗಿ ಕಾಣುವ ಈ ಭಾಗಾಕಾರವನ್ನು ಜಗತ್ತಿಗೆ ಕೊಟ್ಟವನು ಒಬ್ಬ ಶಾಲಾ ಉಪಾಧ್ಯಾಯ. ಜಾರ್ಜ್ ಸೈಮನ್ ಓಮನು 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯ ಕಸಬು ಬೀಗ ಮಾಡುವುದು. ಸ್ವಂತ ಪ್ರಯತ್ನದಿಂದ ಗಣಿತವನ್ನು ಕಲಿತಿದ್ದ ಆತ ಅದನ್ನು ಮಕ್ಕಳಿಗೂ ಕಲಿಸಿದನು. 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಉಪಾಧ್ಯಾಯನಾಗಿ ಸೇರಿದ ಓಮನು, ಪಾಠದ ಬಿಡುವಿನಲ್ಲಿ ಅಲ್ಲಿನ ಪ್ರಯೋಗಶಾಲೆಯ ಸಲಕರಣೆಗಳೊಡನೆ ಕಾಲ ಕಳೆಯುತ್ತಿದ್ದನು.

ಆ ದಿನಗಳಲ್ಲಿ ವಿದ್ಯುತ್ತಿಗೆ ಆಧಾರವೆಂದರೆ ವೋಲ್ಟನ ಬ್ಯಾಟರಿ. ಅದರ ಬಲ ನಿಮಿಷ ನಿಮಿಷಕ್ಕೂ ಕುಂದುತ್ತಿದ್ದುದರಿಂದ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೊನೆಗೆ ಓಮನು ಬೇರೊಂದು ಮಾರ್ಗವನ್ನು ಹಿಡಿದನು. ಬಿಸ್ಮತ್ ಮತ್ತು ತಾಮ್ರಗಳನ್ನು ಬೆಸೆದು, ಒಂದು ಸಂದಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜಿನಲ್ಲಿಯೂ ಇಟ್ಟರೆ ಅಲ್ಪವಾದರೂ ಸ್ಥಿರವಾದ ವಿದ್ಯುತ್ತು ಹುಟ್ಟುತ್ತದೆ. ಕುದಿಯುವ ನೀರಿನ ಶಾಖ ಬದಲಾಗದು, ಕರಗುವ ಮಂಜಿನ ತಂಪೂ ಬದಲಾಗದು. ಆದುದರಿಂದ ಒತ್ತಡವೂ ಬದಲಾಗದು. ಈ ಸ್ಥಿರವಾದ ಒತ್ತಡಕ್ಕೆ 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ, ಪ್ರವಾಹವನ್ನು ಅಯಸ್ಕಾಂತದ ಸೂಜಿಯೊಂದರ ಚಲನೆಯಿಂದ ಅಳೆದನು. ತಂತಿ ಉದ್ದವಾದಂತೆ ಪ್ರವಾಹ ಕಡಿಮೆಯಾಗುವುದರಲ್ಲಿ ಒಂದು ನಿಶ್ಚಿತವಾದ ಕ್ರಮವಿರುವುದು ಕಂಡುಬಂದಿತು. 1826ರಲ್ಲಿ ಈ ಫಲಿತಾಂಶ ಹೊರಬಂದಿತು. 1827ರಲ್ಲಿ ಬರ್ಲಿನ್ ನಗರದಿಂದ ಅವನ ಗ್ರಂಥ ಪ್ರಕಟವಾಯಿತು.

ಆ ಗ್ರಂಥದಿಂದ ವಿಶ್ವವಿದ್ಯಾನಿಲಯದಲ್ಲಿ ಒಂದು ಸ್ಥಾನ ಸಿಕ್ಕೀತೆಂದು ಅವನು ಆಶಿಸಿದ್ದನು. ಸ್ವದೇಶದಲ್ಲಿ ಅದಕ್ಕೆ ದೊರೆತದ್ದು ಉಪೇಕ್ಷೆ. ಓಮನು ಕಲೋನಿನ ಕೆಲಸವನ್ನು ಬಿಟ್ಟು ಕೆಲವು ವರ್ಷ ಸರಿಯಾದ ನೆಲೆಯಿಲ್ಲದೆ ಕಳೆದನು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಬಯಸಿದ್ದ ವಿಶ್ವವಿದ್ಯಾನಿಲಯದ ಪೀಠ ಮ್ಯೂನಿಕ್ ನಗರದಲ್ಲಿ ದೊರೆತದ್ದು 1852ರಲ್ಲಿ; ಅವನು ತೀರಿಕೊಂಡದ್ದು 1854ರಲ್ಲಿ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ವೋಲ್ಟ್, ಆಂಪಿಯರ್ ಎಂಬ ಮಾನಗಳೊಡನೆ ಓಮ್ ಎಂಬ ಮಾನವನ್ನೂ ಅಂಗೀಕರಿಸಿತು. ಇಂದು ವಿದ್ಯುತ್ತಿನ ರೋಧವನ್ನು ಹೇಳಬೇಕಾದವರು ಯಾವ ದೇಶದಲ್ಲಿಯೇ ಇರಲಿ, ಆ ಉಪಾಧ್ಯಾಯನ ಹೆಸರನ್ನು ಉಚ್ಚರಿಸಲೇಬೇಕು.

ಓಮನ ಲೆಕ್ಕಕ್ಕೆ ಒಂದು ಷರತ್ತುಂಟು: ತಂತಿಯ ಶಾಖ ಬದಲಾಗಬಾರದು. ಲೋಹ ಕಾದಂತೆ ಅದರ ರೋಧ ಏರುತ್ತದೆ. ಹಳೆಯ ಕಾಲದ 60 ವ್ಯಾಟಿನ ಬಲ್ಬು ಉರಿಯುತ್ತಿರುವಾಗ ಅದರ ರೋಧ ಸುಮಾರು 880 ಓಮ್. ಆರಿ ತಣ್ಣಗಾದಾಗ ಅದರ ಹತ್ತನೆಯ ಒಂದು ಪಾಲೂ ಇರದು. ಅಂಥ ಬಲ್ಬುಗಳು ಸ್ವಿಚ್ಚು ಹಾಕಿದ ಕ್ಷಣದಲ್ಲಿಯೇ ‘ಫಟ್’ ಎಂದು ಸುಟ್ಟುಹೋಗುತ್ತಿದ್ದುದಕ್ಕೆ ಇದೇ ಕಾರಣ. ತಣ್ಣನೆಯ ತಂತಿಯಲ್ಲಿ ತಡೆ ಕಡಿಮೆ. ಮೊದಲ ಕ್ಷಣದ ಪ್ರವಾಹ ವಿಪರೀತ.

ಇಲ್ಲಿಯವರೆಗೆ ಹೇಳಿದ್ದು ಉಪಕರಣದ ರೋಧದ ಮಾತು. ಅಲ್ಲಿ ರೋಧ ನಮಗೆ ಬೇಕಾದದ್ದು. ಇಸ್ತ್ರಿಪೆಟ್ಟಿಗೆ ಕಾಯುವುದೇ ಅದರಿಂದ. ಆದರೆ ಬೇಡದ ಸ್ಥಳದಲ್ಲಿಯೂ ರೋಧ ಹುಟ್ಟಿಕೊಳ್ಳುವುದುಂಟು. ಪ್ಲಗ್ಗಿನ ಕಡ್ಡಿ ಸಡಿಲವಾಗಿರುತ್ತದೆ. ಸಾಕೆಟ್ಟಿನೊಳಗಿನ ತಿರುಪು ಸಡಿಲಗೊಂಡಿರುತ್ತದೆ. ತಂತಿಗೆ ತಂತಿಯನ್ನು ಹೊಸೆದು ಮೇಲೆ ಟೇಪು ಸುತ್ತಿರುತ್ತಾರೆ. ಇಂಥ ಸಂದಿಯೊಂದರಲ್ಲಿ 1 ಓಮ್ ರೋಧವಿದೆ ಎಂದುಕೊಳ್ಳೋಣ. ಕೇಳುವುದಕ್ಕೆ ಬಹಳ ಅಲ್ಪ. ಗೀಸರಿನ ರೋಧದ ಇಪ್ಪತ್ತಾರನೆಯ ಒಂದು ಪಾಲಿಗೆ ಸಮ.

ಆ ಸಂದಿಯ ಮೂಲಕ ಒಂದು 9 ವ್ಯಾಟಿನ ಎಲ್‌ಇಡಿ ದೀಪ ಉರಿಯುತ್ತಿದ್ದರೆ, ಅದರ ಪ್ರವಾಹ 0.1 ಆಂಪಿಯರನ್ನೂ ಮುಟ್ಟದು. 0.1 ಎಂದೇ ಹಿಡಿಯೋಣ. 1 ಓಮ್ ರೋಧದಲ್ಲಿ ಅದು ಹರಿಯಬೇಕಾದರೆ ಸಂದಿಯಲ್ಲಿ ಖರ್ಚಾಗುವ ಒತ್ತಡ 0.1 ವೋಲ್ಟ್. ಎರಡನ್ನೂ ಗುಣಿಸಿದರೆ ಸಂದಿಯಲ್ಲಿ ಹುಟ್ಟುವ ಶಾಖ 0.01 ವ್ಯಾಟ್. ಹತ್ತು ವರ್ಷ ಉರಿದರೂ ಅದು ಯಾರಿಗೂ ತಿಳಿಯದು. ಈಗ ಆ ದೀಪವನ್ನು ತೆಗೆದು ಅದೇ ಸಾಲಿಗೆ ಗೀಸರನ್ನು ಜೋಡಿಸಿ. ಒಟ್ಟು ರೋಧ 27.4 ಓಮ್, ಪ್ರವಾಹ 8.4 ಆಂಪಿಯರ್. ಸಂದಿಯಲ್ಲಿ ಖರ್ಚಾಗುವ ಒತ್ತಡ 8.4 ವೋಲ್ಟ್. ಗುಣಿಸಿದರೆ 70 ವ್ಯಾಟಿಗೂ ಮೀರಿದ ಶಾಖ! ಹಳೆಯ 60 ವ್ಯಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದರ ಅರ್ಥವನ್ನು ಹೇಳಬೇಕಾಗಿಲ್ಲ. ಅದಕ್ಕಿಂತ ಹೆಚ್ಚಿನ ಶಾಖ, ಒಂದು ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಮಧ್ಯದಲ್ಲಿ, ಗೋಡೆಯ ಒಳಗೆ ಹುಟ್ಟುತ್ತಿರುತ್ತದೆ.

ಪ್ರವಾಹ ಹೆಚ್ಚಿದ್ದು 84 ಪಟ್ಟು. ಶಾಖ ಹೆಚ್ಚಿದ್ದು 7,000 ಪಟ್ಟು. ಏಕೆಂದರೆ ಇಲ್ಲಿ ಪ್ರವಾಹ ಎರಡು ಸಲ ಲೆಕ್ಕಕ್ಕೆ ಬರುತ್ತದೆ: ಒಮ್ಮೆ ತಾನಾಗಿ, ಇನ್ನೊಮ್ಮೆ ಸಂದಿಯಲ್ಲಿ ಖರ್ಚಾಗುವ ಒತ್ತಡದ ವೇಷದಲ್ಲಿ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಮುಮ್ಮಡಿಯಾದರೆ ಒಂಬತ್ತು ಮಡಿ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲನು ತಂತಿಯ ಸುರುಳಿಗಳನ್ನು ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದು, 1841ರಲ್ಲಿ ಈ ನಿಯಮವನ್ನು ಪ್ರಕಟಿಸಿದನು.

ಇನ್ನೂ ಮುಖ್ಯವಾದ ಮಾತೊಂದಿದೆ. ಪ್ರವಾಹ ಮಿತಿಮೀರಿದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚು ಇದೆಯಲ್ಲ, ನಮಗೇನು ಭಯ ಎಂದು ಕೆಲವರು ಧೈರ್ಯದಿಂದಿರುತ್ತಾರೆ. ಸಡಿಲವಾದ ಸಂದಿಯಲ್ಲಿ ಹರಿಯುವ ಪ್ರವಾಹ ಮಿತಿ ಮೀರಿರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಅದು 8.7ರಿಂದ 8.4ಕ್ಕೆ ಇಳಿದೇ ಇದೆ. ಆದುದರಿಂದ ಎಂಸಿಬಿಗೆ ಈ ಸುದ್ದಿಯೇ ಮುಟ್ಟದು. ಅದನ್ನು ಗುರುತಿಸಬೇಕಾದವರು ನಾವೇ. ಸುಟ್ಟ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್ಟು, ಆಗತಾನೆ ಕಿತ್ತ ಪ್ಲಗ್ಗಿನ ಕಡ್ಡಿಗಳಲ್ಲಿ ಬಿಸಿ: ಇವು ಆ ಸಂದಿ ನಮಗೆ ಕಳುಹಿಸುವ ಪತ್ರಗಳು. ಇವುಗಳಲ್ಲಿ ಒಂದು ಬಂದರೂ ಆ ಸಾಕೆಟ್ಟಿನ ಉಪಯೋಗವನ್ನು ಅಂದೇ ನಿಲ್ಲಿಸಿ, ಬಲ್ಲವರಿಂದ ಬದಲಾಯಿಸಬೇಕು.

ಸಾಕೆಟ್ಟಿಗೂ ತನ್ನದೇ ಮಿತಿಯುಂಟು. ನಮ್ಮ ಮನೆಗಳ ಸಣ್ಣ ಸಾಕೆಟ್ಟು 6 ಆಂಪಿಯರಿನದು. 230ರಿಂದ ಗುಣಿಸಿದರೆ 1380 ವ್ಯಾಟ್. ದೊಡ್ಡದು 16 ಆಂಪಿಯರಿನದು, 3680 ವ್ಯಾಟ್. ಬೆಳಗಿನ ಅವಸರದಲ್ಲಿ 6 ಆಂಪಿಯರಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ 1500 ವ್ಯಾಟಿನ ನೀರು ಕಾಯಿಸುವ ಕೆಟಲನ್ನೂ 750 ವ್ಯಾಟಿನ ಮಿಕ್ಸಿಯನ್ನೂ ಜೋಡಿಸಿದರೆ, ಒಟ್ಟು 2250 ವ್ಯಾಟ್, ಪ್ರವಾಹ 9.8 ಆಂಪಿಯರ್. ಚಟ್ನಿ ರುಬ್ಬುವಷ್ಟರಲ್ಲಿ ಏನೂ ಆಗದಿರಬಹುದು. ಆದರೆ ದಿನದಿನವೂ ಹೀಗೆ ಕಾದು ತಣಿದು, ತಣಿದು ಕಾದು, ಬೋರ್ಡಿನೊಳಗಿನ ಹಿತ್ತಾಳೆಯ ಹಿಡಿಗಳು ಸಡಿಲವಾಗುತ್ತವೆ. ಸಡಿಲವಾದೊಡನೆ ಮೇಲೆ ಹೇಳಿದ 1 ಓಮಿನ ಕಥೆ ಆರಂಭವಾಗುತ್ತದೆ.

ಮನೆಯೊಳಗೆ ಬೆರಳ ತುದಿಯಷ್ಟು ಜಾಗದಲ್ಲಿ ನಡೆಯುವ ಈ ಲೆಕ್ಕವೇ ನಮ್ಮ ನಾಡಿನ ವಿದ್ಯುತ್ತಿನ ಇತಿಹಾಸದ ಮೊದಲ ಅಧ್ಯಾಯವನ್ನೂ ಬರೆಯಿತು ಎಂಬುದು ಸ್ವಾರಸ್ಯಕರ ಸಂಗತಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿಸಿದ ವಿದ್ಯುತ್ತು 1902ರ ಜೂನ್ ತಿಂಗಳ ಕೊನೆಯಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದು ಆ ಕಾಲದಲ್ಲಿ ಜಗತ್ತಿನ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಆ ಕಾರ್ಯವನ್ನು ಕೈಗೊಂಡ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಅದೇ ಬೆಳಕು ಬಂದಿತು. ಇಷ್ಟು ದೂರ ವಿದ್ಯುತ್ತನ್ನು ಸಾಗಿಸಲು ಇಂಜಿನಿಯರುಗಳು 30 ಸಾವಿರ ವೋಲ್ಟಿನ ಮಟ್ಟದ ಒತ್ತಡವನ್ನು ಆರಿಸಿಕೊಂಡರು. ಅಷ್ಟೊಂದು ಅಪಾಯಕರವಾದ ಒತ್ತಡವೇಕೆ?

ತಿಳಿಯುವುದಕ್ಕಾಗಿ ಸರಳವಾದ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಹೋಗಿಬರುವ ತಂತಿಯ ಒಟ್ಟು ರೋಧ 100 ಓಮ್. ಸಾಗಿಸಬೇಕಾದ ಸಾಮರ್ಥ್ಯ 3 ಲಕ್ಷ ವ್ಯಾಟ್. 300 ವೋಲ್ಟಿನಲ್ಲಿ ಕಳುಹಿಸುವುದಾದರೆ 1000 ಆಂಪಿಯರ್ ಹರಿಯಬೇಕು. ಆದರೆ 300ನ್ನು 100ರಿಂದ ಭಾಗಿಸಿ ನೋಡಿ. ಎಷ್ಟೇ ಹೆಣಗಿದರೂ ಆ ತಂತಿಯಲ್ಲಿ 3 ಆಂಪಿಯರಿಗಿಂತ ಹೆಚ್ಚು ಹರಿಯಲಾರದು! 30,000 ವೋಲ್ಟಿನಲ್ಲಿ ಕಳುಹಿಸಿದರೆ ಬೇಕಾದ ಪ್ರವಾಹ 10 ಆಂಪಿಯರ್ ಮಾತ್ರ. ತಂತಿಯಲ್ಲಿ ಕಳೆದುಹೋಗುವ ಒತ್ತಡ 1000 ವೋಲ್ಟ್. ಶಾಖವಾಗಿ ಹೋಗುವುದು 10,000 ವ್ಯಾಟ್, ಎಂದರೆ ಮೂವತ್ತರಲ್ಲಿ ಒಂದು ಪಾಲು. ಒತ್ತಡವನ್ನು ಏರಿಸಿ ಪ್ರವಾಹವನ್ನು ಇಳಿಸುವುದೇ ದೂರಸಾಗಣೆಯ ಗುಟ್ಟು. ಊರ ಹೊರಗಿನ ಎತ್ತರದ ಗೋಪುರಗಳು, ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರುಗಳು ಇಂದಿಗೂ ಈ ಗುಟ್ಟನ್ನೇ ಪಾಲಿಸುತ್ತಿವೆ.

ಇನ್ನು ಬೇಸಗೆಯ ಸಂಜೆಗಳಲ್ಲಿ ಬಡಾವಣೆಯ ಜನ ಮಾತಾಡಿಕೊಳ್ಳುವ ‘ಲೋ ವೋಲ್ಟೇಜಿನ’ ವಿಚಾರ. ಒತ್ತಡ 230ರಿಂದ 180 ವೋಲ್ಟಿಗೆ ಇಳಿಯಿತೆನ್ನಿ. ಗೀಸರಿನ ರೋಧ ಬದಲಾಗದು, ಅದು 26.4 ಓಮ್. ಪ್ರವಾಹ 6.8 ಆಂಪಿಯರಿಗೆ ಇಳಿಯುತ್ತದೆ. ಸಾಮರ್ಥ್ಯ 2000ದಿಂದ ಸುಮಾರು 1225 ವ್ಯಾಟಿಗೆ ಕುಸಿಯುತ್ತದೆ. ಒತ್ತಡ ಇಳಿದದ್ದು ಕಾಲುಭಾಗಕ್ಕೂ ಕಡಿಮೆ. ಸಾಮರ್ಥ್ಯ ಇಳಿದದ್ದು ಮೂರನೆಯ ಒಂದು ಭಾಗಕ್ಕೂ ಹೆಚ್ಚು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಹಿಂದೆ 21 ನಿಮಿಷ ಸಾಕಾಗಿದ್ದರೆ, ಈಗ 34 ನಿಮಿಷ ಬೇಕು. ಬಿಲ್ಲು ಹೆಚ್ಚೀತೆ ಎಂದು ಕೇಳುವಿರಾ? ಇಲ್ಲ. 1000 ವ್ಯಾಟಿನ ಸಾಮರ್ಥ್ಯ ಒಂದು ಗಂಟೆ ದುಡಿದರೆ ಒಂದು ಯೂನಿಟ್ಟು. ಆ ನೀರಿಗೆ ಬೇಕಾದ ಶಾಖ ಎರಡು ಸಂದರ್ಭಗಳಲ್ಲಿಯೂ ಸುಮಾರು 0.7 ಯೂನಿಟ್ಟೇ. ವ್ಯರ್ಥವಾಗುವುದು ಕಾಯುವವರ ತಾಳ್ಮೆ.

ಆದರೆ ಇದೇ ಸಮಾಧಾನವನ್ನು ನೀರೆತ್ತುವ ಮೋಟಾರಿಗೆ ಹೇಳುವಂತಿಲ್ಲ. ಮೋಟಾರು ಬರಿಯ ತಂತಿಯಲ್ಲ; ಒತ್ತಡ ಇಳಿದರೂ ಹೊತ್ತ ಹೊರೆಯನ್ನು ಅದು ಎಳೆಯಲೇಬೇಕು. ಒತ್ತಡದಲ್ಲಿ ಕಡಿಮೆಯಾದದ್ದನ್ನು ಪ್ರವಾಹದಲ್ಲಿ ತುಂಬಿಕೊಳ್ಳಲು ಹೆಣಗುತ್ತದೆ. ಪ್ರವಾಹ ಏರಿದರೆ ಶಾಖ ಅದರ ವರ್ಗದಂತೆ ಏರುತ್ತದೆಂಬುದನ್ನು ಆಗಲೇ ಕಂಡೆವು. ಕಾಯಿಲ್ ಸುಟ್ಟಿತು ಎಂದು ಮೆಕ್ಯಾನಿಕ್ಕು ಹೇಳುವುದರ ಹಿಂದೆ ಅನೇಕ ಸಲ ಇರುವ ಕಥೆ ಇದು. ದೀಪಗಳು ಮಂಕಾಗಿರುವ ಹೊತ್ತಿನಲ್ಲಿ ಪಂಪು ಹಾಕದಿರುವುದು ಜಾಣತನ.

ಕೊನೆಯದಾಗಿ, ಹೊಡೆತದ ವಿಚಾರ. ಇದರಲ್ಲಿ ರೋಧವೆಂದರೆ ನಮ್ಮ ದೇಹದ ರೋಧ. ಓಮನಿಗಿಂತ ಎಷ್ಟೋ ವರ್ಷ ಮೊದಲು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಎಂಬ ಏಕಾಂತಪ್ರಿಯನಾದ ವಿಜ್ಞಾನಿ, ಅಳೆಯಲು ಉಪಕರಣವಿಲ್ಲದೆ, ತನ್ನ ದೇಹದ ಮೂಲಕವೇ ವಿದ್ಯುತ್ತನ್ನು ಹರಿಸಿಕೊಂಡು, ಹೊಡೆತಗಳ ಬಲವನ್ನು ಹೋಲಿಸಿ ಈ ನಿಯಮದ ಸಮೀಪಕ್ಕೆ ಬಂದಿದ್ದನು. ಅವನು ಅದನ್ನು ಪ್ರಕಟಿಸಲಿಲ್ಲ. 1879ರಲ್ಲಿ ಮ್ಯಾಕ್ಸ್‌ವೆಲ್ ಆ ಬರಹಗಳನ್ನು ಸಂಪಾದಿಸಿ ಹೊರತಂದನು. ಕ್ಯಾವೆಂಡಿಷನ ಪ್ರಯೋಗವನ್ನು ನಮ್ಮ ಬಚ್ಚಲುಮನೆಯಲ್ಲಿ ಯಾರೂ ಮಾಡಬಾರದು. ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. 50,000 ಓಮ್ ಎಂದರೆ, 230 ವೋಲ್ಟಿನಿಂದ ಹರಿಯುವುದು 0.0046 ಆಂಪಿಯರ್, ಕೈ ಜುಮ್ಮೆಂದು ಹಿಂದಕ್ಕೆ ಬರುತ್ತದೆ. ಒದ್ದೆ ಮೈಯ ರೋಧ ಸುಮಾರು 1000 ಓಮಿಗೆ ಇಳಿಯಬಹುದು. ಆಗ ಹರಿಯುವುದು 0.23 ಆಂಪಿಯರ್. ಸುಮಾರು 0.01 ಆಂಪಿಯರ್ ಮೀರಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ಕಷ್ಟ, 0.23 ಆಂಪಿಯರ್ ಹೃದಯದ ಲಯವನ್ನು ಕೆಡಿಸಿ ಪ್ರಾಣವನ್ನು ತೆಗೆಯಬಲ್ಲದು. ಅದೇ ಮನೆ, ಅದೇ ತಂತಿ, ಅದೇ ಒತ್ತಡ. ನಡುವೆ ಇದ್ದದ್ದು ಒಂದು ತಂಬಿಗೆ ನೀರು. ಮೈ ಒಣಗಿದೆ ಎಂಬ ಧೈರ್ಯವೂ ಸಲ್ಲದು. 230 ವೋಲ್ಟಿನ ಎದುರು ಚರ್ಮದ ರೋಧ ಸೋಲುವುದುಂಟು.

ಇದಕ್ಕೆ ರಕ್ಷಣೆಗಳಿವೆ. ಪ್ಲಗ್ಗಿನ ಮೂರನೆಯ, ದಪ್ಪನಾದ ಕಡ್ಡಿ ಭೂಮಿಗೆ ಸೇರುವ ದಾರಿ. ಗೀಸರಿನ ಮೈಗೆ ವಿದ್ಯುತ್ತು ತಗುಲಿದರೆ, ನಮ್ಮ ದೇಹಕ್ಕಿಂತ ಬಹಳ ಕಡಿಮೆ ರೋಧದ ಆ ದಾರಿಯಲ್ಲಿ ಅದು ಹರಿದುಹೋಗುತ್ತದೆ. ‘ಎರಡು ಕಡ್ಡಿ ಸಾಕು’ ಎಂದು ಮೂರನೆಯದನ್ನು ಬಿಡಿಸುವುದು ಆ ದಾರಿಗೆ ಗೋಡೆ ಕಟ್ಟಿದಂತೆ. ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು, ಮನೆಯೊಳಗೆ ಬಂದ ಪ್ರವಾಹಕ್ಕೂ ಹಿಂದಿರುಗಿದ ಪ್ರವಾಹಕ್ಕೂ ಲೆಕ್ಕ ತಾಳೆ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವ ಸಾಮಾನ್ಯವಾದ ಬಗೆಯಲ್ಲಿ 0.03 ಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಎಲ್ಲೋ ಯಾರ ಮೈಯಲ್ಲಿಯೋ ಹರಿಯುತ್ತಿರಬಹುದೆಂದು ತಿಳಿದು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ಆಗಾಗ ಒತ್ತಿ ನೋಡಬೇಕು. ಬಕೆಟ್ಟಿನಲ್ಲಿ ಇಳಿಬಿಡುವ ಹೀಟರಿನವರಂತೂ ನೀರು ಬಿಸಿಯಾಯಿತೆ ಎಂದು ಬೆರಳಿಡುವ ಮುಂಚೆ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತಿಡಬೇಕು.

ವಾಚಕರಿಗೆ ಒಂದು ಸಣ್ಣ ಕೆಲಸ. ಭಾನುವಾರ ಬಿಡುವಾದಾಗ ಮಕ್ಕಳನ್ನು ಕೂರಿಸಿಕೊಂಡು, ಮನೆಯ ಉಪಕರಣಗಳನ್ನು ಆರಿಸಿ ಪ್ಲಗ್ಗು ಕಿತ್ತ ಮೇಲೆ, ಒಂದೊಂದರ ಫಲಕವನ್ನೂ ಓದಿಸಿ. ವ್ಯಾಟುಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆಯಿಸಿ, ಪ್ರತಿಯೊಂದನ್ನೂ 230ರಿಂದ ಭಾಗಿಸಲು ಹೇಳಿ. ಬಂದ ಆಂಪಿಯರುಗಳ ಎದುರಿಗೆ ಆ ಉಪಕರಣ ಯಾವ ಸಾಕೆಟ್ಟಿಗೆ ಸೇರಿದೆ ಎಂಬುದನ್ನು ಬರೆಯಿರಿ. ಯಾವ ಸಾಕೆಟ್ಟಿನ ಮುಂದೆ ಮೊತ್ತ ಅದರ ಮಿತಿಯನ್ನು ಮೀರುತ್ತದೆಯೋ, ಅಲ್ಲಿ ಒಂದು ಕೆಂಪು ಗುರುತು ಹಾಕಿ. ಐದನೆಯ ತರಗತಿಯ ಹುಡುಗಿಯೂ ಮಾಡಬಹುದಾದ ಲೆಕ್ಕವಿದು; ಉತ್ತರ ಮಾತ್ರ ಮನೆಯ ಹಿರಿಯರೆಲ್ಲರೂ ಓದಬೇಕಾದದ್ದು.